ಮೇಲಿನ ಸೀಟಿನ ಟವೆಲ್ಲು

ಹೋದ ವಾರ ಕಡೂರಿನ ಸ್ಟ್ಯಾಂಡಿನಲ್ಲಿ ಅಜ್ಜಂಪುರದ ಬಸ್ಸು ಹತ್ತಿದೆ. ಖಾಲಿ ಕಂಡ ಒಂದೇ ಸೀಟಿನ ಮೇಲೆ ಕೆಂಪು ಚೌಕುಳಿಯ ಟವೆಲ್ಲು ಬಿದ್ದಿತ್ತು. ಬೆವರು, ಬೀಡಿ, ಕೊಬ್ಬರಿ ಎಣ್ಣೆ ಸೇರಿದ ವಾಸನೆ. ಅದನ್ನು ಸರಿಸಿ ಕೂರುವ ಧೈರ್ಯ ನಮ್ಮ ಕಡೆ ಯಾರಿಗೂ ಇಲ್ಲ. ಕಂಬಿ ಹಿಡಿದು ನಿಂತೆ. ಅಜ್ಜಂಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ದೊಡ್ಡಮ್ಮ ನೆನಪಾದಳು...

ರಕ್ತಸಂಬಂಧವೇನೂ ಇಲ್ಲ, ನಮಗೂ ಅವರಿಗೂ ನಡುವೆ ಒಂದು ಗೋಡೆ ಅಷ್ಟೆ. ತರೀಕೆರೆ ಸಂತೆಗೆ ಹೊರಟರೆ ಕಿಟಕಿಯಿಂದ ದೊಡ್ಡಪ್ಪನ ಟವೆಲ್ಲನ್ನು ಸೀಟಿಗೆ ಎಸೆದು, ಆರಾಮಾಗಿ ಎಲೆ ಅಡಿಕೆ ಕೊಳ್ಳಲು ಹೋಗುತ್ತಿದ್ದಳು. ಡ್ರೈವರ್ ಹಾರನ್ ಹೊಡೆದು ಹೊಡೆದು ಸುಸ್ತಾಗುತ್ತಿದ್ದ. ಟವೆಲ್ಲು ಒಳಗಿದ್ದ ಮೇಲೆ ಬಸ್ಸು ಹೋಗುವುದುಂಟೇ ಎಂದು ಅವಳ ವಾದ. ನಿಜಕ್ಕೂ ಹೋಗುತ್ತಿರಲಿಲ್ಲ.

ಎಂಬತ್ತರ ದಶಕದ ಶುರುವಿನಲ್ಲಿ ನಾನು ಬೆಂಗಳೂರಿನ ಹಲಸೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಟೈಪಿಂಗ್ ಕಲಿಯುತ್ತಿದ್ದೆ. ದೊಡ್ಡಪ್ಪನಿಗೆ ಹೊಟ್ಟೆನೋವು ವಿಪರೀತವಾಗಿ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಸೇರಿಸಿದರು. ದೊಡ್ಡಮ್ಮ ನಮ್ಮಲ್ಲೇ ಉಳಿದಳು. ಗಂಜಿ ಹಿಡಿದು ನಾವಿಬ್ಬರೂ ದಿನಾ ಸಿಟಿ ಬಸ್ಸಿನಲ್ಲಿ ಎಂ.ಜಿ. ರೋಡ್ ಹಾದು ಆಸ್ಪತ್ರೆಗೆ ಹೋಗುತ್ತಿದ್ದೆವು. ಒಂದು ಕಡೆ ಪೆರೇಡ್ ಮೈದಾನ, ಇನ್ನೊಂದು ಕಡೆ ಗಾಜಿನ ಅಂಗಡಿಗಳು. ನಾನೇ ಕಟ್ಟಿಸಿದವಳ ಹಾಗೆ ತೋರಿಸುತ್ತಿದ್ದೆ, ಅವಳು ಕತ್ತೆತ್ತಿಯೂ ನೋಡುತ್ತಿರಲಿಲ್ಲ.

ಮೊದಲ ದಿನವೇ ಒಂದು ಎಡವಟ್ಟಾಯಿತು. ಸ್ಟಾಪಿನಲ್ಲಿ ನೂಕುನುಗ್ಗಲು. ಬಸ್ಸು ಬಂದು ನಿಂತದ್ದೇ ತಡ, ಇವಳು ಬಾಗಿಲು ಬಿಟ್ಟು ಕಿಟಕಿಯ ಬಳಿ ಓಡಿ ದೊಡ್ಡಪ್ಪನ ಟವೆಲ್ಲನ್ನು ಒಳಗೆ ಎಸೆದಳು. ಆಮೇಲೆ ಸಾವಕಾಶವಾಗಿ ಬಾಗಿಲಿನತ್ತ ನಡೆದಳು. ಬಸ್ಸು ಟವೆಲ್ಲಿನ ಸಮೇತ ಹೊರಟೇಹೋಯಿತು. ದೊಡ್ಡಮ್ಮ ಕೈ ಮೇಲೆತ್ತಿ ನಡುಬೀದಿಯಲ್ಲಿ ನಿಂತಿದ್ದಳು.

"ಟವೆಲ್ ಒಳಗೈತೆ ಕಣೇ, ಅದೆಂಗೆ ಹೋದ ಅವ್ನು?"

ದೊಡ್ಡಪ್ಪ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ರಸ್ತೆಯಲ್ಲಿ ಮಹಡಿ ಬಸ್ಸೂ ಓಡುತ್ತದೆ ಎಂದು ನಾನು ಹೇಳಿದಾಗ ಅವರ ಮುಖ ಅರಳಿತು. "ನನ್ನನ್ನ ಮನೆಗೆ ಕಳಿಸೋ ದಿನ ಮೇಲಿನ ಮುಂದಿನ ಸೀಟ್ ಹಿಡಿಯೇ," ಅಂದರು ದೊಡ್ಡಮ್ಮನಿಗೆ, "ರಸ್ತೆ ಪೂರಾ ನೋಡ್ಕಂಡು ಹೋಗಾಣ."

ಅಂದಿನಿಂದ ಅವಳಿಗೆ ಅದೇ ಹರಕೆಯಾಯಿತು. ಹೊಸ ಟವೆಲ್ಲು ಕೊಂಡಳು. ಮಹಡಿ ಬಸ್ಸು ಯಾವ ಸ್ಟಾಪಿಗೆ ಬರುತ್ತದೆ, ಮುಂದಿನ ಸೀಟು ಯಾವ ಹೊತ್ತಿನಲ್ಲಿ ಖಾಲಿ ಇರುತ್ತದೆ, ಎಲ್ಲ ತಿಳಿದುಕೊಂಡಳು. ಆ ಕಿರಿದಾದ ಮೆಟ್ಟಿಲನ್ನು ತಾನೇ ಹತ್ತಿ ಇಳಿದು, ಕೈ ಹಿಡಿದರೆ ಅವರೂ ಹತ್ತುತ್ತಾರೆ ಎಂದು ಸಮಾಧಾನಪಟ್ಟಳು. ದೊಡ್ಡಪ್ಪ ಆ ಸೀಟಿನಲ್ಲಿ ಒಮ್ಮೆ ಕೂತರೆ ಬದುಕಿದಂತೆಯೇ ಎಂದು ನಂಬಿದ್ದಳು. ನಾನೂ ನಂಬಿದ್ದೆ.

ಆಪರೇಶನ್ ಆದ ಮೇಲೆ ದೊಡ್ಡಪ್ಪ ಏಳಲೇ ಇಲ್ಲ. ಒಂದು ಬೆಳಿಗ್ಗೆ ನಾವು ಗಂಜಿ ತೆಗೆದುಕೊಂಡು ಹೋಗುವಷ್ಟರಲ್ಲಿ ಮುಗಿದಿತ್ತು. ಅಜ್ಜಂಪುರದಿಂದ ದೊಡ್ಡಮ್ಮನ ಮೈದುನ ವ್ಯಾನು ತರಬೇಕಿತ್ತು, ಬರುವುದು ಸಂಜೆಯೇ. ಆಸ್ಪತ್ರೆಯ ಓಡಾಟವನ್ನು ನನ್ನ ಚಿಕ್ಕಪ್ಪ ನೋಡಿಕೊಂಡರು. ನಮ್ಮನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದರು. ಅವಳು ಅಳಲಿಲ್ಲ. ನನಗೂ ಅಳು ಬರಲಿಲ್ಲ. ಮಧ್ಯಾಹ್ನ ಅವಳು ಎದ್ದು ನಿಂತು, "ಬಾರೇ, ಆ ಬಸ್ಸಿಗೆ ಹೋಗ್ಬರಾಣ," ಅಂದಳು. ಗಂಜಿಯ ಪಾತ್ರೆಯನ್ನು ಬೆಂಚಿನ ಕೆಳಗೆ ಸರಿಸಿ ಅವಳ ಹಿಂದೆ ಹೊರಟೆ.

ಅವಳು ಅಂದಾಜು ಮಾಡಿದ್ದಂತೆಯೇ ಮೇಲಿನ ಮುಂದಿನ ಸೀಟು ಖಾಲಿ ಇತ್ತು. ಕಿಟಕಿಯ ಬದಿಗೆ ಹೊಸ ಟವೆಲ್ಲನ್ನು ಹಾಸಿ ಪಕ್ಕದಲ್ಲಿ ಕೂತಳು. ನಾನು ಹಿಂದೆ ಕೂತೆ. ಕಂಡಕ್ಟರ್ ಬಂದಾಗ ಮೂರು ಟಿಕೆಟ್ ಕೇಳಿದಳು.

"ಇನ್ನೊಬ್ರು ಯಾರಮ್ಮ?"

"ನಮ್ಮನೇವ್ರು."

ಆತ ಟವೆಲ್ಲನ್ನು ನೋಡಿದ, ನನ್ನನ್ನು ನೋಡಿದ. ನಾನು ಮುಖ ತಿರುಗಿಸಿದೆ. ಆತ ಮೂರು ಟಿಕೆಟ್ ಹರಿದುಕೊಟ್ಟ.

ಮರದ ಕೊಂಬೆಗಳು ಬಸ್ಸಿನ ನೆತ್ತಿಗೆ ತಾಗುತ್ತಿದ್ದವು. ಮೈದಾನ, ಅಂಗಡಿ, ಕೊಡೆ ಹಿಡಿದು ನಡೆಯುವ ಹೆಂಗಸರು, ದೊಡ್ಡಮ್ಮ ಅಂದು ಎಲ್ಲವನ್ನೂ ನೋಡಿದಳು. ಯಾರಿಗೋ ವರದಿ ಒಪ್ಪಿಸಬೇಕಾದವಳಂತೆ ಒಂದನ್ನೂ ಬಿಡದೆ ನೋಡಿದಳು... ರಸ್ತೆ ಮುಗಿದಾಗ ಎದ್ದಳು. ನಾನು ಟವೆಲ್ಲಿಗೆ ಕೈ ಹಾಕಿದೆ.

"ಬಿಡು, ಇರ್ಲಿ," ಅಂದಳು. "ಅವ್ರು ಇನ್ನೊಂಚೂರು ನೋಡ್ಲಿ."

ಇಳಿದೆವು. ಬಸ್ಸು ಟವೆಲ್ಲಿನ ಸಮೇತ ಹೋಯಿತು. ಈ ಸಲ ಅವಳು ಕೈ ಎತ್ತಲಿಲ್ಲ. ಎದುರು ಬದಿಗೆ ದಾಟಿ ಬೇರೆ ಬಸ್ಸಿನಲ್ಲಿ ನಿಂತುಕೊಂಡೇ ಆಸ್ಪತ್ರೆಗೆ ವಾಪಸಾದೆವು.

ಆಮೇಲೆ ಅವಳು ಬೆಂಗಳೂರಿಗೆ ಬರಲಿಲ್ಲ. ತರೀಕೆರೆ ಬಸ್ಸಿನಲ್ಲೂ ಸೀಟು ಹಿಡಿಯುವುದನ್ನು ಬಿಟ್ಟಳಂತೆ. ಈಗ ಅವಳೂ ಇಲ್ಲ. ಸುದ್ದಿ ನನಗೆ ತಡವಾಗಿ ಮುಟ್ಟಿತು, ಮಣ್ಣಿಗೆ ಹೋಗಲಾಗಲಿಲ್ಲ. ಆ ರಸ್ತೆಯ ಮೇಲೆ ಈಗ ಮೆಟ್ರೋ ಓಡುತ್ತದೆ. ಅದರ ಕಿಟಕಿ ತೆರೆಯುವುದಿಲ್ಲ.

ಬೀರೂರು ಬಂದರೂ ಆ ಚೌಕುಳಿ ಟವೆಲ್ಲಿನವರು ಬಂದಿರಲಿಲ್ಲ. ಕಡೂರಿನಲ್ಲೇ ಬಸ್ಸು ತಪ್ಪಿರಬೇಕು. ಪಕ್ಕದ ಹೆಂಗಸು ಅದನ್ನು ಸರಿಸಲು ಹೋಗಿ, "ಯಾರೂ ಬರಂಗ್ ಕಾಣಲ್ಲ, ಕೂತ್ಕಳ್ರೀ," ಅಂದಳು.

"ಜನ ಅವ್ರೆ ಕಣಮ್ಮ," ಅಂದೆ. ಅಜ್ಜಂಪುರದವರೆಗೂ ನಿಂತೇ ಹೋದೆ.