ಮೆಡಿಕಲ್ ಅಣ್ಣ ಕೊಟ್ಟ ಮಾತ್ರೆ

ಅವರ ಬಲಗೈ ಹೆಬ್ಬೆರಳಿನ ಉಗುರು ಉದ್ದವಾಗಿ ಬೆಳೆದು ಹಳದಿಗಟ್ಟಿತ್ತು. ಮಾತ್ರೆಯ ಪಟ್ಟಿಯ ಮೇಲೆ ಅದರಿಂದ ಒಂದು ಗೀರು ಎಳೆದು, ಕತ್ತರಿಯ ಹಂಗಿಲ್ಲದೆ ಹರಿದು ಕೊಡುತ್ತಿದ್ದರು. ಮೆಲ್ಕಾರಿನಲ್ಲಿ ಬೀಡಿ ಕಟ್ಟುವ ನಮಗೆಲ್ಲ ಅವರು ಮೆಡಿಕಲ್ ಅಣ್ಣ. ಕಂಪೆನಿಯ ಬ್ರಾಂಚಿಗೆ ಬೀಡಿ ಕೊಟ್ಟು ಬರುವಾಗ ಅವರ ಮದ್ದಿನಂಗಡಿ ಹತ್ತದೆ ಮನೆಗೆ ಹೋಗುವ ಹೆಂಗಸೇ ಇರಲಿಲ್ಲ.

ದಿನವಿಡೀ ಎಲೆ, ಹೊಗೆಸೊಪ್ಪಿನ ಗೆರಸೆ ಮಡಿಲಲ್ಲಿಟ್ಟು ಕೂತರೆ ಸೊಂಟ ಎಲ್ಲಿ ಉಳಿಯುತ್ತದೆ? ನಾನು ಬಾಯಿ ತೆರೆಯುವ ಮೊದಲೇ ನೋವಿನ ಮಾತ್ರೆ ಮುಂದಿಡುತ್ತಿದ್ದರು. ಡಾಕ್ಟರಿಗೆ ತೋರಿಸಬೇಕಾ ಎಂದು ಒಮ್ಮೆ ಕೇಳಿದೆ.

"ಇದಕ್ಕೆಲ್ಲ ಡಾಕ್ಟರು ಯಾಕೆ ತಂಗಿ? ನಾನಿಲ್ಲವಾ?" ಎಂದರು.

ಆ ಮಾತು ಸುಳ್ಳೂ ಅಲ್ಲ. ಗಂಡ ಗಲ್ಫ್‌ನಲ್ಲಿದ್ದಾಗ ಮಗಳಿಗೆ ಜ್ವರ ನೆತ್ತಿಗೇರಿತ್ತು. ಅಂಗಡಿಗೆ ಬಾಗಿಲು ಹಾಕಿ, ತಮ್ಮ ಸ್ಕೂಟರಿನಲ್ಲೇ ನಮ್ಮನ್ನು ಆಸ್ಪತ್ರೆಗೆ ಮುಟ್ಟಿಸಿದವರು ಅವರೇ. ಒಡಹುಟ್ಟಿದವರೂ ಅಷ್ಟು ಮಾಡಲಿಕ್ಕಿಲ್ಲ.

ವರ್ಷಗಟ್ಟಲೆ ನುಂಗಿದೆ. ಕಿಡ್ನಿ ಹಲ್ಲುನೋವಿನ ಹಾಗೆ ಬೊಬ್ಬೆ ಹಾಕುವುದಿಲ್ಲ. ಮೊದಮೊದಲು ಏನೂ ಗೊತ್ತಾಗಲಿಲ್ಲ. ಆಮೇಲೆ ಮೂತ್ರದಲ್ಲಿ ನೊರೆ. ಸಂಜೆಯಾದರೆ ಪಾದ ಊದಿ ಚಪ್ಪಲಿ ಬಿಗಿ. ಕೊನೆಗೆ ಮೀನುಸಾರೂ ಬಾಯಿಗೆ ಸೇರದಂಥ ಅರುಚಿ. ಬಿ.ಸಿ.ರೋಡಿನ ಡಾಕ್ಟರು ರಕ್ತದ ರಿಪೋರ್ಟು ನೋಡಿ, ಕಿಡ್ನಿ ಮುಕ್ಕಾಲುಪಾಲು ಹೋಗಿದೆ, ನೋವಿನ ಮಾತ್ರೆ ತುಂಬ ತಿಂದಿದ್ದೀರಾ ಎಂದು ಕೇಳಿದರು. ಹೌದೆಂದೆ.

"ಹೋದದ್ದು ಇನ್ನು ಬರುವುದಿಲ್ಲಮ್ಮ. ಉಳಿದದ್ದನ್ನು ಕಾಪಾಡುವ. ಡಯಾಲಿಸಿಸ್ ಆದಷ್ಟು ದೂರ ಇಡುವ."

ಆಗಲೂ ನಾನು ಅಣ್ಣನನ್ನು ಬಿಟ್ಟುಕೊಡಲಿಲ್ಲ. ಗಂಡ ಫೋನಿನಲ್ಲಿ ಹಾರಾಡಿದರೆ, ಪಾಪ, ಅವರಿಗೇನು ಗೊತ್ತು, ಅವರೇನು ಡಾಕ್ಟರಾ ಎಂದು ನಾನೇ ಬಾಯಿ ಮುಚ್ಚಿಸಿದೆ. ವಿಷಯ ಹೇಳಲು ಅಂಗಡಿಗೆ ಹೋದಾಗ ಅವರು ತಲೆ ತಗ್ಗಿಸಿ, ದೇವರಿದ್ದಾನೆ ತಂಗಿ ಎಂದಷ್ಟೇ ಹೇಳಿದರು. ನನ್ನ ಮೇಲಿನ ಮರುಕ ಎಂದುಕೊಂಡೆ.

ಕಳೆದ ಮಳೆಗಾಲದಲ್ಲಿ ಅವರು ಎದೆನೋವು ಬಂದು ತೀರಿಕೊಂಡರು. ಸುದ್ದಿ ಕೇಳಿದವಳೇ ಊದಿದ ಕಾಲು ಎಳೆದುಕೊಂಡು ಹೋದೆ. ಅವರ ಹೆಂಡತಿ ಗಂಟುನೋವಿನ ಕಾಲು ಚಾಚಿ, ಹೆಣದ ಪಕ್ಕ ಗೋಡೆಗೊರಗಿ ಕೂತಿದ್ದರು. ನನ್ನ ಕೈ ಹಿಡಿದು, ಗಂಡನ ಪ್ರೀತಿ ನೆನೆದು ನೆನೆದು ಅತ್ತರು.

"ಎಷ್ಟು ನೋವಾದರೂ ನನಗೆ ಒಂದು ಮಾತ್ರೆ ಮುಟ್ಟಲಿಕ್ಕೆ ಬಿಡ್ತಿರಲಿಲ್ಲ. ಕಿಡ್ನಿ ಹೋಗ್ತದೆ ಅಂತ ಹೇಳಿ, ತಾವೇ ಕೂತು ಎಣ್ಣೆ ತಿಕ್ಕುತ್ತಿದ್ರು. ಮದುವೆಯಾದಾಗಿನಿಂದ ಹಾಗೇ."

ಗೊತ್ತಿತ್ತು. ಅಷ್ಟೂ ವರ್ಷ ಅವರಿಗೆ ಗೊತ್ತಿತ್ತು. ಮಗಳನ್ನು ಉಳಿಸಿದ ಋಣ ನನ್ನ ಮೇಲಿದೆ, ಇಲ್ಲವೆನ್ನಲಾರೆ. ಆದರೆ ಹೆಣ ಎತ್ತುವಾಗ ಎಲ್ಲರೂ ಕೈ ಮುಗಿದರು. ನನ್ನ ಕೈ ಏಳಲಿಲ್ಲ.