ಕೈ ಬೆಚ್ಚಗೆ ಮಾಡುವ ಸರಿಯಾದ ವಿಧಾನ

ನಾನು ಒಂದೇ ಒಂದು ಪದ ನುಂಗಿದ್ದಕ್ಕೆ ನನ್ನ ಹೆಂಡತಿಯ ಪರೀಕ್ಷೆ ಗೇಟಿನಲ್ಲೇ ಮುಗಿದುಹೋಗುವುದರಲ್ಲಿತ್ತು.

ಯಾವ ಪರೀಕ್ಷೆ ಅಂತೀರಾ? ಕನ್ನಡ ಟೈಪಿಂಗ್.

ಸುಮಿತ್ರಾ ರಬಕವಿಯ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಟೆಂಪರರಿ. ಎಷ್ಟೋ ವರ್ಷಗಳಿಂದ ಟೆಂಪರರಿ. (ಅವಳ ನಂತರ ಸೇರಿದವರು ಪರ್ಮನೆಂಟ್ ಆಗಿ ಈಗ ಅವಳಿಗೇ ಕೆಲಸ ಹಚ್ಚುತ್ತಾರೆ.) ಟೈಪಿಂಗ್ ಪಾಸಾದರೆ ನೌಕರಿ ಖಾಯಂ ಎಂದು ಪ್ರಿನ್ಸಿಪಾಲರು ಹೇಳಿದ್ದರು. ಹೋದ ವರ್ಷವೂ ಹೇಳಿದ್ದರು. ಹೋದ ವರ್ಷ ಕೆಡಿಸಿದ್ದು ಥಂಡಿ.

ನಮ್ಮ ಕಡೆ ಥಂಡಿಯೇ ಎಂದು ನಗಬೇಡಿ. ಜನವರಿಯ ಬೆಳಗಿನಲ್ಲಿ ರಬಕವಿಯಿಂದ, ಪರೀಕ್ಷೆ ನಡೆಯುವ ಜಮಖಂಡಿಗೆ ಬೈಕಿನ ಮೇಲೆ ಬಂದು ನೋಡಿ. ರಸ್ತೆಯ ಎರಡೂ ಬದಿಗೆ ನೀರು ಹಾಯಿಸಿದ ಕಬ್ಬು. ಅದರ ಮೇಲಿಂದ ಬೀಸುವ ಗಾಳಿ. ಜಮಖಂಡಿ ಮುಟ್ಟುವಷ್ಟರಲ್ಲಿ ಬೆರಳುಗಳು ಯಾರವೋ ಆಗಿರುತ್ತವೆ.

ಕನ್ನಡ ಟೈಪ್ ಮಾಡುವವರಿಗೆ ಇನ್ನೂ ಒಂದು ಸಂಕಟ. ಒತ್ತಕ್ಷರ ಬರಬೇಕಾದರೆ ನಡುವೆ ಎಫ್ ಕೀ ಒತ್ತಬೇಕು. ಅದು ಎಡಗೈ ತೋರುಬೆರಳಿನ ಪಾಲು. ಆ ಬೆರಳು ಸೆಟೆಯಿತೋ, ‘ಅಕ್ಕ’ ಹೋಗಿ ‘ಅಕಕ’ ಆಗುತ್ತಾಳೆ. ಹೋದ ವರ್ಷ ಸುಮಿತ್ರಾಳ ಹಾಳೆಯಲ್ಲಿ ಮುಖ್ಯಮಂತ್ರಿಗಳು ‘ಮುಖಯಮಂತರಿ’ ಆಗಿದ್ದರು. ಪರೀಕ್ಷಕರು ಮೆಚ್ಚಲಿಲ್ಲ.

ಈ ಸಲ ಅವಳು ದಿನಾ ನಸುಕಿನಲ್ಲಿ ಎದ್ದು ಪ್ರಾಕ್ಟೀಸ್ ಶುರು ಮಾಡಿದಳು. ಓಣಿಯಲ್ಲಿ ಮಗ್ಗಗಳು ಸದ್ದು ಮಾಡುವ ಮೊದಲೇ ನಮ್ಮ ಮನೆಯಲ್ಲಿ ಕೀಬೋರ್ಡಿನ ಸದ್ದು. ಬೆರಳು ಬೆಚ್ಚಗಿಡುವ ಖಾತೆಯನ್ನು ನಾನು ವಹಿಸಿಕೊಂಡೆ.

ಎಷ್ಟು ಹುರುಪು ಅಂತೀರಿ! ಮೊದಲು ಉಣ್ಣೆಯ ಗ್ಲೌಸ್ ತಂದೆ. ಒಂದು ಕೀ ಒತ್ತಿದರೆ ಎರಡು ಅಕ್ಷರ ಬಿದ್ದವು. ಗ್ಲೌಸಿನ ತುದಿ ಕತ್ತರಿಸಿದೆ. ಥಂಡಿ ಹತ್ತುವುದೇ ತುದಿಗೆ ಎಂದು ಆಮೇಲೆ ಹೊಳೆಯಿತು. ಚಹಾದ ಗ್ಲಾಸ್ ಹಿಡಿಸಿದೆ. ಕೈ ಕಾಯುವ ಮೊದಲೇ ಚಹಾ ಹೊಟ್ಟೆ ಸೇರಿತು. ಮೊಬೈಲನ್ನು ಚಾರ್ಜಿಗೆ ಹಾಕಿ ವಿಡಿಯೊ ಓಡಿಸಿ ಬಿಸಿ ಮಾಡಿ ಕೊಟ್ಟೆ. ಅವಳು ವಿಡಿಯೊ ನೋಡುತ್ತ ಕೂತಳು.

ಆಗ ನೆನಪಾಯಿತು, ಉಪ್ಪು. ಚಿಕ್ಕವನಿದ್ದಾಗ ನಮ್ಮ ಅವ್ವ ಹಂಚಿನ ಮೇಲೆ ಕಲ್ಲುಪ್ಪು ಹುರಿದು, ಅರಿವೆಯಲ್ಲಿ ಗಂಟು ಕಟ್ಟಿ, ಶಾಲೆಗೆ ಹೋಗುವಾಗ ನನ್ನ ಕೈಗೆ ಕೊಡುತ್ತಿದ್ದಳು.

“ಅದು ನಮ್ಮವ್ವ,” ಎಂದಳು ಸುಮಿತ್ರಾ. “ನಮ್ಮ ಕಾಕಾ ಕುರಿ ಹಿಂದ ಹೋಗುವಾಗ ಕಟ್ಟಿ ಕೊಡತಿದ್ಲು. ಲಗ್ನಾದ ಹೊಸದಾಗ ನಾನ ನಿಮಗ ಹೇಳೀನಿ. ಈಗ ನಿಮ್ಮವ್ವನ ಹೆಸರಿಗೆ ಖಾತೆ ಬದಲಿ ಮಾಡಾಕತ್ತೀರಿ.”

ವಾದ ಮಾಡಬಹುದಿತ್ತು. ಆದರೆ ಧಾರವಾಡದಲ್ಲಿ ಎಂ.ಎ. ಓದುವಾಗ, ಪುರಾವೆ ಇಲ್ಲದೆ ಏನನ್ನೂ ನಂಬಬೇಡ ಎಂದು ಕಲಿಸಿಬಿಟ್ಟಿದ್ದಾರೆ. ನನ್ನ ಬಳಿ ಪುರಾವೆ ಎಲ್ಲಿದೆ? ಆ ಗಂಟಿನ ಬಿಸಿ ಮಾತ್ರ ನನ್ನ ಅಂಗೈಗೆ ಈಗಲೂ ಗೊತ್ತು. ಬರೀ ಕೇಳಿದ ಬಿಸಿ ಅಂಗೈಗೆ ಗೊತ್ತಾಗುತ್ತದೆಯೇ? (ಮದುವೆಯಾಗಿ ಬಹಳ ವರ್ಷವಾದರೆ ಅದೂ ಆಗುತ್ತದೇನೋ.)

ಯಾರ ಅವ್ವನದಾದರೂ ಇರಲಿ, ಉಪ್ಪು ಕೆಲಸ ಮಾಡಿತು. ಗಂಟನ್ನು ಎರಡೇ ನಿಮಿಷ ಅಂಗೈಯಲ್ಲಿ ಹೊರಳಾಡಿಸಿ ಕೀಬೋರ್ಡಿಗೆ ಕೂತಳು ನೋಡಿ, ಬೆರಳು ಓಡಿದ್ದೇ ಓಡಿದ್ದು. ಮುಖ್ಯಮಂತ್ರಿಗಳು ಪೂರ್ತಿಯಾಗಿ ಮರಳಿ ಬಂದರು. ನನಗೋ ಕುಣಿಯುವಷ್ಟು ಖುಷಿ.

ಪರೀಕ್ಷೆಯ ದಿನ ಬಿಸಿ ಉಪ್ಪಿನ ಗಂಟನ್ನು ಟವೆಲಿನಲ್ಲಿ ಸುತ್ತಿ ಜಾಕೀಟಿನ ಒಳಜೇಬಿನಲ್ಲಿಟ್ಟುಕೊಂಡೆ. ದಾರಿಯಲ್ಲಿ ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳು ಎದುರಾದವು. ಅವುಗಳಲ್ಲಿ ಒಂದು, ರಸ್ತೆಗೆ ಅಡ್ಡ ನಿಂತಿತ್ತು. ಜಮಖಂಡಿಯ ಪರೀಕ್ಷಾ ಕೇಂದ್ರ ಮುಟ್ಟಿದಾಗ ಗೇಟು ಮುಚ್ಚುವ ಹೊತ್ತು. ಮಫ್ಲರ್ ಸುತ್ತಿಕೊಂಡ ಸೂಪರ್‌ವೈಜರ್ ಒಬ್ಬರು ಹಾಲ್‌ಟಿಕೆಟ್ ನೋಡಿ ನೋಡಿ ಒಳಗೆ ಬಿಡುತ್ತಿದ್ದರು. ಸುಮಿತ್ರಾಳ ಬೆರಳು ಹಾಲ್‌ಟಿಕೆಟ್ ಹಿಡಿಯಲೂ ಒಲ್ಲವು. ಏನನ್ನೂ ಒಳಗೆ ಒಯ್ಯುವಂತಿಲ್ಲ. ಕಾಯಿಸಿಕೊಂಡರೆ ಗೇಟಿನ ಹೊರಗೇ ಕಾಯಿಸಿಕೊಳ್ಳಬೇಕು.

ನಾನು ಮುಂದೆ ಹೋಗಿ, ದನಿ ತಗ್ಗಿಸಿ ಹೇಳಿದೆ: “ಸರ್, ಎರಡ ನಿಮಿಷ ತಡೀರಿ. ಕೈ ಬೆಚ್ಚಗ ಮಾಡೂದೈತ್ರಿ.”

ಹೇಳುತ್ತಲೇ ಒಳಜೇಬಿಗೆ ಕೈ ಹಾಕಿದೆ.

‘ಇಕಿ ಕೈ’, ಅಂದರೆ ಇವಳ ಕೈ, ಎಂದೇ ನಾನು ಹೇಳಿದ್ದು ಎಂದು ಆಣೆ ಮಾಡಬಲ್ಲೆ. ‘ಇಕಿ’ ಇರಲೇ ಇಲ್ಲ ಎಂದು ಸುಮಿತ್ರಾ ಆಣೆ ಮಾಡುತ್ತಾಳೆ. ಮುಂದೆ ನಡೆದದ್ದನ್ನು ನೋಡಿದರೆ ಅವಳ ಆಣೆಗೇ ತೂಕ ಜಾಸ್ತಿ.

ಸೂಪರ್‌ವೈಜರರ ಮುಖ ಕೆಂಪಾಯಿತು. “ಏನಂದ್ರಿ? ನನ್ನ ಏನಂತ ತಿಳದೀರಿ? ಮ್ಯಾಲ ಕ್ಯಾಮರಾ ಐತಿ, ಗೊತ್ತೈತಿಲ್ಲೋ? ಕೊಡ್ರಿ ಹಾಲ್‌ಟಿಕೆಟ್. ಪರೀಕ್ಷಾಕ್ಕ ಕೂಡ್ರಸೂದಿಲ್ಲ.”

“ಹಂಗಲ್ರಿ ಸರ್, ಇದು…” ಎಂದು ಅವಸರದಲ್ಲಿ ಗಂಟನ್ನೇ ಹೊರಗೆಳೆದೆ. ಬಿಗಿಯಾಗಿ ಕಟ್ಟಿದ, ದಪ್ಪನೆಯ ಅರಿವೆ ಗಂಟು.

“ಒಳಗ ಇಡ್ರಿ ಅದನ್ನ,” ಎಂದು ಅವರು ಹಿಂದೆ ಸರಿದರು. ಸಾಲಿನಲ್ಲಿದ್ದವನೊಬ್ಬ ಪಕ್ಕದವನಿಗೆ, “ಅಷ್ಟ ದೊಡ್ಡ ಗಂಟ? ನಡಿಯೋ, ಚಹಾ ಕುಡದ ಮನಿಗಿ ಹೋಗೂಣು,” ಎಂದ.

ಸುಮಿತ್ರಾಳ ಹಾಲ್‌ಟಿಕೆಟ್ ಆಗಲೇ ಅವರ ಕೈಯಲ್ಲಿತ್ತು. ಇನ್ನೊಂದು ವರ್ಷ ಟೆಂಪರರಿ.

ಅವಳೇ ಗಂಟು ಕಸಿದುಕೊಂಡು ಅವರ ಮುಂದೆ ಹಿಡಿದಳು. “ಸರ್, ಹಿಡದ ನೋಡ್ರಿ.”

“ಏನವಾ, ನೀನೂ ಹಿಂಗ…”

“ಉಪ್ಪೈತ್ರಿ. ಬೆರಳ ಸೆಟದಾವು, ಟೈಪ್ ಮಾಡಬೇಕು. ಕಾಸಾಕ ತಂದೀವಿ. ಇವರಿಗೆ ಪೇಪರಿನ್ಯಾಗ ಲೇಖನಾ ಬರಿಯಾಕ ಬರತೈತಿ, ಮಾತಾಡಾಕ ಬರೂದಿಲ್ಲ.”

ಅವರು ಒಂದು ಬೆರಳಿನಿಂದ ಮುಟ್ಟಿದರು. ಆಮೇಲೆ ಅಂಗೈಗೆ ತೆಗೆದುಕೊಂಡರು. ಆಮೇಲೆ ಎರಡೂ ಕೈ. ಪಾಪ, ಬೆಳಗಿನಿಂದ ಕಬ್ಬಿಣದ ಗೇಟು ಹಿಡಿದು ನಿಂತ ಮನುಷ್ಯ. ಮುಖದ ಗಂಟು ಸಡಿಲಾಯಿತು. “ಛಲೋ ಐತಲ್ಲ ಇದು,” ಎಂದರು. ಅಷ್ಟರಲ್ಲಿ ಗಂಟೆ ಹೊಡೆಯಿತು. “ಹೋಗವಾ, ಲಗೂನ ಹೋಗ,” ಎಂದು ಹಾಲ್‌ಟಿಕೆಟ್ ಕೊಟ್ಟರು.

ಹಾಲ್‌ಟಿಕೆಟ್ ಮಾತ್ರ ಕೊಟ್ಟರು. ಉಪ್ಪು ಅವರ ಕೈಯಲ್ಲೇ ಉಳಿಯಿತು. ಸುಮಿತ್ರಾ ಸೆಟೆದ ಬೆರಳುಗಳೊಂದಿಗೇ ಒಳಗೆ ಓಡಿದಳು.

ಹೊರಗೆ ನಾನು ಮನಸ್ಸಿನಲ್ಲೇ ಎಫ್ ಕೀ ಒತ್ತುತ್ತ ನಿಂತೆ. ಅವಳು ಹೊರಬಂದಾಗ ನಾನು ಕೇಳಿದ ಮೊದಲ ಮಾತು, “ಕೈ ಹೆಂಗಿದ್ದುವು?”

“ನಿಮ್ಮ ಮ್ಯಾಲ ಸಿಟ್ಟ ಬಂದಿತ್ತಲ್ಲ, ಅದಕ್ಕ ಕಾದಿದ್ದುವು. ಕೀಬೋರ್ಡ್ ಮುರದಿಲ್ಲ, ನಶೀಬ.”

ಆ ಸೂಪರ್‌ವೈಜರರನ್ನು ಬೈಯಲು ನನಗೆ ಮನಸ್ಸಿಲ್ಲ. ಪ್ರಾಮಾಣಿಕರು, ಅದಕ್ಕೇ ಹೆದರಿದರು. ಆದರೆ ಒಂದು ಒಳ್ಳೆಯ ಮಾತನ್ನು ನಾವು ಎಷ್ಟು ಕೆಡಿಸಿಟ್ಟಿದ್ದೇವೆ ನೋಡಿ. ಮೈ ನಡುಗುವ ಥಂಡಿಯಲ್ಲಿ ಒಬ್ಬ ‘ಕೈ ಬೆಚ್ಚಗೆ ಮಾಡಬೇಕು’ ಎಂದರೆ ಯಾರಿಗೂ ಬೆಂಕಿ ನೆನಪಾಗುವುದಿಲ್ಲ. ನೋಟು ನೆನಪಾಗುತ್ತದೆ. ಎಲ್ಲ ಕೈಗಳ ಬಗ್ಗೆಯೂ ನಮಗೆ ಅನುಮಾನ. ಅನುಮಾನವನ್ನು ಓದಿ ಕಲಿತ ನನಗೇ ಇದು ಅತಿಯಾಯಿತು ಅನಿಸುತ್ತದೆ.

ಮೊನ್ನೆ ರಿಸಲ್ಟ್ ಬಂತು. ಪಾಸು! ಸುಮಿತ್ರಾ ಆಫೀಸಿನಲ್ಲಿ ಪೇಢೆ ಹಂಚಿದಳು. ಅವಳನ್ನು ಕರೆತರಲು ಹೋದ ನಾನೂ ಅಲ್ಲೇ ಇದ್ದೆ. ನಸುಕಿನ ಪ್ರಾಕ್ಟೀಸಿನ ಬಗ್ಗೆ ಒಬ್ಬರೂ ಕೇಳಲಿಲ್ಲ. ಅವಳ ಪಕ್ಕದ ಟೇಬಲಿನ ಕ್ಲಾರ್ಕ್ ಪೇಢೆ ಬಾಯಿಗಿಟ್ಟುಕೊಂಡು, ಕಣ್ಣು ಮಿಟುಕಿಸಿ, “ಖರೆ ಹೇಳ್ರಿ ಮೇಡಂ, ಯಾರ ಕೈ ಬೆಚ್ಚಗ ಮಾಡಿದ್ರಿ?” ಎಂದರು.

ನಾನು ಬಿಡಿಸಿ ಹೇಳಲು ಬಾಯಿ ತೆರೆದೆ. ಸುಮಿತ್ರಾ ಕಣ್ಣಿನಲ್ಲೇ ತಡೆದಳು.

“ನನ್ನ ಕೈ,” ಎಂದಳು. “ಎರಡೂ.”