ಪಾರವ್ವ ಬೆನ್ನು ತಿರುಗಿಸಿ ಕೂತ ದಿನ

ಕೋವಿಡ್ ಗದ್ದಲ ಮುಗಿದು ಎರಡು ವರ್ಷ ಕಳೆದಿತ್ತು. ನಾನು ಜಮಖಂಡಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ದಿನಾ ಮುಧೋಳದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ತೊದಲುವ ಮಕ್ಕಳಿಗೆ ಮಾತು ತಿದ್ದುವವಳು ಎಂಬುದಷ್ಟೇ ನನ್ನ ಬಗ್ಗೆ ಊರಿನವರಿಗೆ ಗೊತ್ತಿದ್ದದ್ದು. ಐಸಿಯುವಿನಲ್ಲಿ ನನಗೇನು ಕೆಲಸ ಎಂದು ಆಸ್ಪತ್ರೆಯ ಒಳಗಿನವರೇ ಕೇಳಿದ್ದುಂಟು. ಹಾಗಾಗಿ ಈರಪ್ಪನ ಕೇಸು ಬಂದಾಗ, ನನ್ನ ವಿದ್ಯೆ ಏನೆಂದು ಈಗ ತೋರಿಸುತ್ತೇನೆ ಎಂದು ಹುರುಪುಗೊಂಡೆ. ಆದರೆ ಆ ಕೇಸು ನನಗೆ ಮೊದಲು ಕೊಟ್ಟದ್ದು ಹೊಟ್ಟೆಕಿಚ್ಚು.

ಈರಪ್ಪ ಬನಹಟ್ಟಿಯ ನೇಕಾರ. ಅವನೂ ಹೆಂಡತಿ ಪಾರವ್ವನೂ ಒಂದೇ ಶೆಡ್ಡಿನಲ್ಲಿ ಪವರ್‌ಲೂಮ್ ನಡೆಸುತ್ತಿದ್ದರು. ಗಿಲ್ಲಾನ್-ಬಾರೆ ಎಂಬ ನರರೋಗ ಮೊದಲು ಅವನ ಕೈಕಾಲಿನ ಶಕ್ತಿ ಕಸಿಯಿತು, ಆಮೇಲೆ ಉಸಿರಾಟದ ಸ್ನಾಯುಗಳನ್ನೂ ಹಿಡಿಯಿತು. ಕುತ್ತಿಗೆಯಲ್ಲಿ ರಂಧ್ರ ಮಾಡಿ ಶ್ವಾಸನಾಳಕ್ಕೆ ನಳಿಕೆ ಇಟ್ಟು ವೆಂಟಿಲೇಟರಿಗೆ ಜೋಡಿಸಿದ್ದರು. ಇದನ್ನೇ ಟ್ರೆಕಿಯಾಸ್ಟಮಿ ಎನ್ನುತ್ತಾರೆ. ನಾನು ನೋಡುವ ಹೊತ್ತಿಗೆ ವೆಂಟಿಲೇಟರ್ ತೆಗೆದಿದ್ದರು, ಅವನೇ ಉಸಿರಾಡುತ್ತಿದ್ದ. ಮುಖದ ಸ್ನಾಯುಗಳೂ ಚೆನ್ನಾಗಿದ್ದವು. ಆದರೆ ಪೆನ್ನು ಹಿಡಿಯುವಷ್ಟು ಕಸುವು ಕೈಗೆ ಇನ್ನೂ ಬಂದಿರಲಿಲ್ಲ. ಬಿಟ್ಟ ಉಸಿರೆಲ್ಲ ನಳಿಕೆಯಿಂದಲೇ ಹೊರಗೆ ಹೋಗುತ್ತಿದ್ದುದರಿಂದ ಧ್ವನಿಯೂ ಇರಲಿಲ್ಲ.

ಇಂಥವರಿಗೆಂದೇ ಸ್ಪೀಕಿಂಗ್ ವಾಲ್ವ್ ಇದೆ. ನಳಿಕೆಯ ಬಾಯಿಗೆ ಹಾಕುವ ಸಣ್ಣ ಮುಚ್ಚಳ ಅದು. ಉಸಿರು ಎಳೆದುಕೊಂಡಾಗ ತೆರೆಯುತ್ತದೆ, ಬಿಟ್ಟಾಗ ಮುಚ್ಚಿಕೊಳ್ಳುತ್ತದೆ. ಆಗ ಗಾಳಿ ನಳಿಕೆಯ ಪಕ್ಕದಿಂದ ಮೇಲೇರಿ ಧ್ವನಿತಂತುಗಳನ್ನು ಮುಟ್ಟುತ್ತದೆ. ಆದರೆ ನಳಿಕೆಯ ಸುತ್ತ ಒಂದು ಬಲೂನು ಇರುತ್ತದೆ. ಅದರ ಗಾಳಿಯನ್ನು ಪೂರ್ತಿ ತೆಗೆಯದೆ ವಾಲ್ವ್ ಹಾಕಿದರೆ ರೋಗಿಗೆ ಉಸಿರು ಬಿಡಲು ದಾರಿಯೇ ಇಲ್ಲದೆ ಜೀವಕ್ಕೆ ಅಪಾಯ. ಆದ್ದರಿಂದ ಯಾರೂ ಒಬ್ಬರೇ ವಾಲ್ವ್ ಹಾಕಬಾರದೆಂಬುದು ನಮ್ಮ ನಿಯಮ. ಇಎನ್‌ಟಿ ಡಾಕ್ಟರ್ ದೇಸಾಯಿ, ಕಫ ಹೀರಿ ತೆಗೆಯುವ ಸಿಸ್ಟರ್ ಲಲಿತಾ, ಉಸಿರಾಟ ಗಮನಿಸುವ ಫಿಸಿಯೋಥೆರಪಿಸ್ಟ್ ಸಲೀಂ ಮತ್ತು ನಾನು, ನಾಲ್ವರೂ ಹಾಸಿಗೆಯ ಪಕ್ಕ ನಿಂತ ಮೇಲೆಯೇ ಕೆಲಸ ಶುರು.

ಮೊದಲ ಸಲ ಎಲ್ಲವೂ ಸರಿಯಾಗಿಯೇ ನಡೆಯಿತು. ಆಮ್ಲಜನಕದ ಮಟ್ಟ ಇಳಿಯಲಿಲ್ಲ, ಅವನಿಗೆ ಗಾಬರಿಯಾಗಲಿಲ್ಲ. "ನಿಮ್ಮ ಹೆಸರ ಹೇಳ್ರಿ" ಎಂದೆ. ಈರಪ್ಪ ನನ್ನನ್ನು ಬಿಟ್ಟು ಹೆಂಡತಿಯ ಕಡೆ ನೋಡಿ ತುಟಿ ಆಡಿಸಿದ. ಸದ್ದೇ ಇಲ್ಲ.

"ಈರಪ್ಪ ಅಂದ್ರು ನೋಡ್ರಿ, ಬಾಯಾರ" ಎಂದಳು ಪಾರವ್ವ, ಹೆಮ್ಮೆಯಿಂದ. ಮೇಡಂ ಎನ್ನುವ ಬದಲು ಅವಳು ನನ್ನನ್ನು ಬಾಯಾರ ಎನ್ನುತ್ತಿದ್ದಳು.

ಹೆಸರು ನನಗೂ ಗೊತ್ತಿತ್ತು! ನನಗೆ ಬೇಕಾಗಿದ್ದದ್ದು ಧ್ವನಿ. ಆದರೆ ವಾರ್ಡಿನಲ್ಲಿ ಯಾರಿಗೂ ನನ್ನ ಅಗತ್ಯ ಇದ್ದಂತೆ ಕಾಣಲಿಲ್ಲ. ಈರಪ್ಪ ತುಟಿ ಆಡಿಸಿದರೆ ಸಾಕು, ಪಾರವ್ವ ಓದಿ ಹೇಳುತ್ತಿದ್ದಳು. ಬೆನ್ನು ನೋಯುತ್ತಿದೆ, ದಿಂಬು ಸರಿಸಿರಿ, ನಿನ್ನೆ ಸೂಜಿ ಚುಚ್ಚಿದವರು ಬೇಡ, ಹೀಗೆ. ರೌಂಡ್ಸಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ ದೇಸಾಯಿಯವರು "ಪಾರವ್ವಕ್ಕನ್ನ ಕೇಳ್ರಿ" ಎನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು.

ಉರಿಯುತ್ತಿದ್ದವಳು ನಾನೊಬ್ಬಳೇ ಅಲ್ಲ. ಈರಪ್ಪನ ತಾಯಿ ಗೌರವ್ವ ಬಾಗಿಲ ಬಳಿ ಕೂತು ಸೊಸೆಯನ್ನು ದುರುಗುಟ್ಟಿ ನೋಡುತ್ತಿದ್ದಳು. ಒಮ್ಮೆ ಗಂಡ ಹೆಂಡತಿ ಬಹಳ ಹೊತ್ತು ಸದ್ದಿಲ್ಲದೆ ಮಾತಾಡಿದ ಮೇಲೆ, "ಏನಂದಾ ನನ್ನ ಮಗಾ?" ಎಂದು ಕೇಳಿದಳು.

"ಏನಿಲ್ರಿ ಅತ್ತಿ, ಸೆಕಿ ಆಗತೈತಿ ಅಂದ್ರು."

"ಅಷ್ಟ ಹೇಳಾಕ ಇಷ್ಟೊತ್ತನ ಬಾಯಿ ಆಡಸ್ದಾ?"

ಮುದುಕಿಯ ಪ್ರಶ್ನೆ ನನ್ನದೂ ಆಗಿತ್ತು.

ಎರಡನೆಯ ಸಲವೂ ಧ್ವನಿ ಬರಲಿಲ್ಲ. ದೇಸಾಯಿಯವರು ಮೂಗಿನ ಮೂಲಕ ಸ್ಕೋಪ್ ಇಳಿಸಿ ನೋಡಿದರು. ಧ್ವನಿತಂತುಗಳು ಚೆನ್ನಾಗಿಯೇ ಚಲಿಸುತ್ತಿದ್ದವು. ಸಲೀಂ ಈರಪ್ಪನ ಬಾಯಿಯ ಮುಂದೆ ಕನ್ನಡಿ ಹಿಡಿದರೆ ಅದು ಮಸುಕಾಗುತ್ತಿತ್ತು, ಅಂದರೆ ಗಾಳಿಯೂ ಮೇಲೆ ಬರುತ್ತಿತ್ತು. ಎಲ್ಲ ಇದ್ದೂ ಮಾತಿಲ್ಲ. "ಇನ್ನೊಂದ್ ಸಲ ನೋಡೂಣು. ಆಗಲಿಲ್ಲಂದ್ರ ಬೆಳಗಾವಿಗೆ ಕಳಸೂದ" ಎಂದರು ಡಾಕ್ಟರು. ಧ್ವನಿ ಯಾಕಿಲ್ಲ ಎಂದು ಗೊತ್ತಾಗುವವರೆಗೆ ನಳಿಕೆ ತೆಗೆಯುವ ನಿರ್ಧಾರವೂ ನಿಂತುಹೋಯಿತು. ಮಗ ಮೂಕನಾದ ಎಂದು ಗೌರವ್ವ ಅಳತೊಡಗಿದಳು. ನನಗೆ ನನ್ನ ಕೇಸು ಕೈಜಾರಿ ಬೆಳಗಾವಿಯವರ ಪಾಲಾಗುವ ಸಂಕಟ.

ಮರುದಿನ ಶೆಡ್ಡಿನ ಗೆಳೆಯನೊಬ್ಬ ನೋಡಲು ಬಂದ. ಐಸಿಯು ಒಳಗೆ ಮನೆಯವರನ್ನಲ್ಲದೆ ಬೇರೆಯವರನ್ನು ಬಿಡದ ಕಾರಣ ಗಾಜಿನ ಬಾಗಿಲ ಆಚೆಯೇ ನಿಂತ. ಅಲ್ಲಿಂದಲೇ ಇಬ್ಬರ ಹರಟೆ ಶುರುವಾಯಿತು. ಪಾರವ್ವನೂ ಸೇರಿಕೊಂಡಳು. ಮೂವರೂ ಏನನ್ನೋ ಹೇಳಿಕೊಂಡು ನಕ್ಕರು. ಒಂದು ಸೊಲ್ಲೂ ಹೊರಬೀಳಲಿಲ್ಲ. ಮಾತಿನ ವಿದ್ಯೆ ಕಲಿತ ನಾನು ಪಕ್ಕದಲ್ಲಿ ಕಂಬದಂತೆ ನಿಂತಿದ್ದೆ. ಹೊಟ್ಟೆಕಿಚ್ಚಿನವರ ಕಣ್ಣು ಬಲು ಚುರುಕು. ನಾನು ಅವನ ತುಟಿ, ಗಂಟಲು, ಹೊಟ್ಟೆ ಎಲ್ಲವನ್ನೂ ದಿಟ್ಟಿಸುತ್ತಿದ್ದೆ. ಮಾತಿಗೆ ಮೊದಲು ಎಲ್ಲರೂ ಉಸಿರು ತುಂಬಿಕೊಳ್ಳುತ್ತೇವೆ. ಈರಪ್ಪ ತುಂಬಿಕೊಳ್ಳುತ್ತಲೇ ಇರಲಿಲ್ಲ.

"ಮಗ್ಗದ ಮುಂದ ಹಿಂಗ ಮಾತಾಡ್ತೀರೇನ್ರಿ?" ಎಂದು ಪಾರವ್ವನನ್ನು ಕೇಳಿದೆ.

"ಮತ್ತೇನ್ರಿ ಬಾಯಾರ! ಆ ಸಪ್ಪಳದಾಗ ಒದರಿದ್ರ ಯಾರಿಗೆ ಕೇಳಸ್ತೈತಿ? ತುಟಿ ನೋಡಿ ತಿಳಕೋತೇವಿ. ಗಂಟಲಾ ಯಾಕ ಹರಕೋಬೇಕು?"

ಅಲ್ಲಿಗೆ ಗಂಟು ಬಿಚ್ಚಿತು. ಇಪ್ಪತ್ತು ವರ್ಷ ಮಗ್ಗದ ಸದ್ದಿನಲ್ಲಿ ಅವನು ಹೆಂಡತಿಯೊಡನೆ ಮಾತಾಡಿದ್ದೇ ಹೀಗೆ. ಎದುರಿಗೆ ಅವಳಿದ್ದರೆ ಅವನಿಗೆ ಧ್ವನಿ ಬೇಕಾಗಿಯೇ ಇರಲಿಲ್ಲ.

ನಾಲ್ವರೂ ಕೂತು ಮಾತಾಡಿದೆವು. ಅವಳನ್ನು ಹೊರಗೆ ಕಳಿಸೋಣ ಎಂದೆ. ಹೇಳುವಾಗ ಖುಷಿಯೂ ಆಯಿತು. ಲಲಿತಾ ಬೇಡವೆಂದು ತಲೆಯಾಡಿಸಿದಳು. "ಆಕಿ ಹೊರಗ ಹೋದ್ರ ಸಾಕ್ರಿ, ಅವ್ರ ಎದಿ ಬಡಿತ ಏರತೈತಿ. ಒಳಗ ಇರಲಿ, ಅವ್ರ ತುಟಿ ನೋಡೂದ ಬ್ಯಾಡ." ಅದೇ ಸರಿ ಎಂದು ಎಲ್ಲರೂ ಒಪ್ಪಿದರು. ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಪಾರವ್ವ ಕೆಂಡವಾದಳು. "ನಾನ ಅಡ್ಡ ಆಗೇನೇನ್ರಿ? ಇಷ್ಟ ವರ್ಷ ಅವ್ವನ ಮಗಾ ಆಗಿದ್ರು, ಗೆಳ್ಯಾರಿಗೆ ಗೆಳ್ಯಾ ಆಗಿದ್ರು. ನನ್ನ ಪಾಲಿಗೆ ಉಳಿದದ್ದ ಎಷ್ಟರಿ? ಈಗ ಎಲ್ಲಾರೂ ನನ್ನ ಮಾರಿ ನೋಡಿ ಅವರನ್ನ ಮಾತಾಡಸ್ತಾರ. ಅದನ್ನೂ ಕಸಗೋತೀರೇನು?"

ಅವಳು ಬಿಡಲೊಲ್ಲದ ಆ ಜಾಗವೇ ನನಗೂ ಬೇಕಾಗಿತ್ತು.

ಮರುದಿನ ಬೆಳಿಗ್ಗೆ ನಾವು ಬರುವಷ್ಟರಲ್ಲಿ ಅವಳು ಸ್ಟೂಲನ್ನು ಕಿಟಕಿಯ ಕಡೆ ತಿರುಗಿಸಿಕೊಂಡು, ತಲೆಯ ಮೇಲೆ ಸೆರಗು ಹೊದ್ದು, ಹಾಸಿಗೆಗೆ ಬೆನ್ನು ಮಾಡಿ ಕೂತಿದ್ದಳು. "ಹಾಕ್ರಿ ನಿಮ್ಮ ವಾಲ್ವ್" ಎಂದಳು.

ಲಲಿತಾ ಕಫ ತೆಗೆದಳು. ದೇಸಾಯಿಯವರು ಬಲೂನಿನ ಗಾಳಿ ತೆಗೆದು ಇನ್ನೊಮ್ಮೆ ಪರೀಕ್ಷಿಸಿದರು. ಸಲೀಂ ಎದೆಯ ಏರಿಳಿತ ನೋಡಿ ಸೈ ಎಂದ. ನಾನು ವಾಲ್ವ್ ಹಾಕಿದೆ. ಈರಪ್ಪ ಹೆಂಡತಿಯ ಬೆನ್ನಿನ ಕಡೆ ತುಟಿ ಆಡಿಸಿದ. ಅವಳು ಅಲುಗಲಿಲ್ಲ. ಮತ್ತೆ ಆಡಿಸಿದ. ನನ್ನ ಮುಖ ನೋಡಿದ. ನಾನು ಮಾನಿಟರ್ ನೋಡತೊಡಗಿದೆ. ಆಗ ಅವನ ಹೊಟ್ಟೆ ಉಬ್ಬಿತು, ಎದೆ ಏರಿತು.

"ಪಾರೀ..."

ಒಡಕು ಧ್ವನಿ, ಆದರೂ ಧ್ವನಿ. ಅವಳು ಸೆರಗನ್ನು ಬಿಗಿಯಾಗಿ ಎಳೆದುಕೊಂಡಳು. ತಿರುಗಲಿಲ್ಲ.

"ಪಾರೀ, ಹೊಳ್ಳಿ ನೋಡ."

ಬಾಗಿಲಲ್ಲಿದ್ದ ಗೌರವ್ವ ಓಡಿ ಬಂದು, "ನನ್ನ ಕರದ್ಯೇನೋ ನನ್ನಪ್ಪಾ?" ಎಂದಳು. ಈರಪ್ಪ ತಾಯಿಯನ್ನು ನೋಡಿ "ಅವ್ವಾ" ಎಂದ. ಡಾಕ್ಟರನ್ನು ನೋಡಿ "ನೀರ ಕೊಡಸ್ರಿ" ಎಂದ. ಒಂದೊಂದು ಮಾತಿಗೂ ಧ್ವನಿ ಗಟ್ಟಿಯಾಗುತ್ತ ಹೋಯಿತು. ಪಾರವ್ವ ಕಿಟಕಿಯ ಕಡೆಯೇ ಮುಖ ಮಾಡಿ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು: "ಆತಿಲ್ರಿ, ಬಾಯಾರ? ಈಗರೆ ನೋಡ್ಲಿ?"

ಕೆಲವು ವಾರಗಳಲ್ಲಿ ನಳಿಕೆ ತೆಗೆದರು. ಈರಪ್ಪ ಮಾತಾಡುತ್ತಲೇ ಮನೆಗೆ ಹೋದ. ಅಂದಿನಿಂದ ನಮ್ಮಲ್ಲಿ ಒಂದು ಪದ್ಧತಿ ಬೆಳೆಯಿತು. ವಾಲ್ವ್ ಹಾಕುವ ಮೊದಲು, ಇಷ್ಟು ದಿನ ಈ ರೋಗಿಯ ಮಾತು ಯಾರ ಬಳಿ ಇತ್ತು ಎಂದು ಕೇಳುತ್ತೇವೆ. ಅವರನ್ನೂ ತಂಡದ ಜೊತೆ ಕೂರಿಸಿಕೊಳ್ಳುತ್ತೇವೆ. ರೋಗಿಗೆ ಧ್ವನಿ ಸಿಗುವಾಗ ಪಕ್ಕದವರೊಬ್ಬರು ಏನನ್ನೋ ಬಿಟ್ಟುಕೊಡುತ್ತಾರೆ. ಆ ಪಾಠವನ್ನು ನನಗೆ ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ.

ಅಷ್ಟು ದುಡಿದದ್ದು ನಾನು, ಬಂದ ಮೊದಲ ಮಾತು ಮಾತ್ರ ಅವಳ ಹೆಸರು. ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆದರೆ ಅವಳ ಜಾಗದಲ್ಲಿ ನಾನಿದ್ದಿದ್ದರೆ ಮೊದಲ ಕೂಗಿಗೇ ತಿರುಗಿ ನೋಡಿಬಿಡುತ್ತಿದ್ದೆ.